ತ್ರಿವೇಣಿಗೆ ಸೇರಬೇಕಾದ ಮಾತು

ಅತ್ತವರಿಗೆ ಆ ಮನೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಅದು ವೆಂಕಟಮ್ಮನ ಕಾನೂನು. ಬಿದ್ದು ಹೊರಳಾಡಿ, ಉಸಿರು ಕಟ್ಟಿ, ಮುಖ ಕೆಂಪಗೆ ಮಾಡಿಕೊಂಡು ಅತ್ತರೂ ಅಷ್ಟೆ. ಒಬ್ಬರ ಕೈಯಲ್ಲಿದ್ದ ಸಾಮಾನನ್ನು ಕಿತ್ತು ಇನ್ನೊಬ್ಬರ ಕೈಗೆ ಕೊಡುವವರು ಅಲ್ಲಿ ಯಾರೂ ಇಲ್ಲ. ಬೇಕಿದ್ದರೆ ಹೋಗಿ ಕೇಳಬೇಕು. ಕೊಟ್ಟರೆ ತೆಗೆದುಕೊಳ್ಳಬೇಕು. ಕೊಡದಿದ್ದರೆ ಬಾಯಿ ಮುಚ್ಚಿಕೊಂಡು ವಾಪಸ್ ಬರಬೇಕು. ಅರವತ್ತೆಂಟು ವರ್ಷದ ಮಂಡ್ಯದ ಹೆಂಗಸು, ಓದಿದ್ದು ನಾಲ್ಕನೇ ಕ್ಲಾಸು, ಅಮೆರಿಕದ ಪ್ಲೆಸೆಂಟನ್‌ನ ಒಂದು ಮನೆಯ ಮೆಟ್ಟಿಲ ಮೇಲೆ ಕೂತು ಐದು ಮಕ್ಕಳ ಪಂಚಾಯ್ತಿ ಮಾಡುವುದನ್ನು ನೀವು ನೋಡಬೇಕಿತ್ತು. ವಕೀಲರೂ ಬೇಡ, ವಾಯಿದೆಯೂ ಬೇಡ, ಎರಡು ನಿಮಿಷಕ್ಕೆ ತೀರ್ಪು.

ಮಕ್ಕಳು ಐದು, ತಾಯಂದಿರು ಇಬ್ಬರು. ದೊಡ್ಡ ಮಗ ನಾಗರಾಜು ಮತ್ತು ಸೊಸೆ ತ್ರಿವೇಣಿಗೆ ಎರಡು, ಚಿಕ್ಕ ಮಗ ಶಿವಪ್ರಕಾಶ್ ಮತ್ತು ಸೊಸೆ ಕುಸುಮಾಗೆ ಮೂರು. ಆ ಊರಲ್ಲಿ ಒಬ್ಬೊಬ್ಬರೇ ಮನೆ ಕೊಳ್ಳುವುದು ಆಗಿಹೋಗುವ ಮಾತಲ್ಲ ಅಂತ ಅಣ್ಣತಮ್ಮ ಸೇರಿ ಒಂದೇ ಮನೆ ಕೊಂಡಿದ್ದರು. ಬೆಳಿಗ್ಗೆ ಏಳೂವರೆಗೆ ಆ ಮನೆಯೊಳಗೆ ಕಾಲಿಟ್ಟರೆ ಸಂತೆಯೊಳಗೆ ಕಾಲಿಟ್ಟ ಹಾಗೆ. ಒಂದು ಕಾಲಿಗೆ ಷೂ ಹಾಕಿಕೊಂಡವನು ಇನ್ನೊಂದನ್ನು ಹುಡುಕುತ್ತಿರುತ್ತಾನೆ. ಇವನ ಲಂಚ್ ಬಾಕ್ಸು ಅವಳ ಬ್ಯಾಗಿನಲ್ಲಿ, ಅವಳ ಸ್ವೆಟರು ಇವನ ಮೈಮೇಲೆ. ಅಂಥ ಗದ್ದಲದಲ್ಲಿ 'ಇದು ನಂದು, ಅದು ನಿಂದು' ಅಂತ ಕಲಿಸುವುದು ಹುಡುಗಾಟವೇ?

ವೆಂಕಟಮ್ಮ ಕಲಿಸಿದಳು. ಮಹಡಿಯ ಮೇಲೆ ಗೋಡೆಗೆ ಐದು ಗೂಡು ಹೊಡೆಸಿದಳು, ಮಗುವಿಗೊಂದು. ಸೋಫಾ, ಟೀವಿ, ಹಿತ್ತಲಿನ ಉಯ್ಯಾಲೆ ಎಲ್ಲರದು. ಗೂಡು ಮಾತ್ರ ಒಬ್ಬರದು. ಅದರೊಳಗೆ ಹೆತ್ತ ತಾಯಿಯೂ ಕೇಳದೆ ಕೈ ಹಾಕುವಂತಿಲ್ಲ. ಒಬ್ಬರ ಸಾಮಾನು ಇನ್ನೊಬ್ಬರು ಕಳೆದರೆ, ಮುರಿದರೆ, ಅವರೆದುರು ನಿಂತು ಅವರ ಹೆಸರು ಹಿಡಿದು ತಪ್ಪಾಯಿತು ಅನ್ನಬೇಕು. ಕುಸುಮಾಳ ಕಿರಿಯ ಮಗ, ಎರಡು ವರ್ಷದ ಪೋರ, ಪಾರ್ಕಿನಿಂದ ಒಂದು ಒಣಕಡ್ಡಿ ತಂದು ತನ್ನ ಗೂಡಿನಲ್ಲಿಟ್ಟಿದ್ದ. ಗುಡಿಸುವಾಗ ವೆಂಕಟಮ್ಮ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು.

"ಮಗಾ, ಈ ಕಡ್ಡಿ ಎಸೀಲಾ?"

"ನೋ."

"ಆಯ್ತು ಬುಡಪ್ಪಾ. ನಿನ್ ಕಡ್ಡಿ, ನಿನ್ನಿಷ್ಟ."

ಆ ಕಡ್ಡಿ ಮೂರು ತಿಂಗಳು ಅಲ್ಲೇ ಇತ್ತು. ಕುಸುಮಾಗೆ ನಗು ತಡೆಯಲಾಗಲಿಲ್ಲ. ಆದರೆ ಅದೇ ಕುಸುಮಾ ಒಂದು ದಿನ ಬಾಯಿ ತಪ್ಪಿ ತನ್ನ ದೊಡ್ಡ ಮಗನಿಗೆ "ದೊಡ್ಡೋನಲ್ವಾ ನೀನು, ತಮ್ಮಂಗೆ ಕೊಟ್ಬಿಡೋ ಪಾಪ" ಅಂದುಬಿಟ್ಟಳು. ಒಲೆಯ ಮುಂದಿದ್ದ ವೆಂಕಟಮ್ಮ ಸೌಟು ಹಿಡಿದೇ ತಿರುಗಿದಳು.

"ದೊಡ್ಡೋನಾದ್ರೆ? ದೊಡ್ಡೋನಾಗಿ ಹುಟ್ಟಿದ್ದು ಅವನ ತಪ್ಪಾ? ಯಾಕ್ ಕೊಡ್ಬೇಕು ಅವನು? ಕೇಳ್ದಾ ನೀನು ಅವನ್ನ? ಕೇಳವ್ವಾ ಮೊದ್ಲು!"

ಕುಸುಮಾ ಬೆಚ್ಚಿಬಿದ್ದಳು. ಒಂದು ಆಟದ ಕಾರಿಗೆ ಇಷ್ಟು ಸಿಟ್ಟೇ?

ಪಕ್ಕದೂರು ಡ್ಯಾನ್‌ವಿಲ್‌ನಿಂದ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಈ ಏರ್ಪಾಟನ್ನೆಲ್ಲ ನೋಡಿ ಮೂಗಿನ ಮೇಲೆ ಬೆರಳಿಟ್ಟರು. "ಅಮ್ಮಾ, ಇದೆಲ್ಲ ಯಾವ ವಿಡಿಯೋ ನೋಡಿ ಕಲಿತ್ರಿ? ನಮ್ಮತ್ತೆಗೂ ಸ್ವಲ್ಪ ಹೇಳ್ಕೊಡಿ" ಅಂತ ಒಬ್ಬಾಕೆ ಕೇಳಿದಳು.

"ಯಾವ ವಿಡಿಯೋನೂ ಇಲ್ಲ ಕಣವ್ವ. ಒಂದು ಮಗು ಕಲಿಸ್ತು" ಅಂದಳು ವೆಂಕಟಮ್ಮ. ಅವರೆಲ್ಲ ನಕ್ಕರು. ತಾಂಬೂಲ ಹಿಡಿದು ನಿಂತಿದ್ದ ತ್ರಿವೇಣಿ ಮಾತ್ರ ನಗಲಿಲ್ಲ, ಮುಖ ಆಚೆ ತಿರುಗಿಸಿಕೊಂಡಳು. ಅದು ಯಾವ ಮಗು ಅಂತ ಅವಳಿಗೆ ಗೊತ್ತಿತ್ತು. ಆ ಮಗು ಕಲಿಸಿದ್ದು ಏನು ಅಂತ ಗೊತ್ತಿರಲಿಲ್ಲ.

ನಾಗರಾಜು–ತ್ರಿವೇಣಿಯ ಮೊದಲ ಮಗಳು ಅಕ್ಷಯಾ. ಇದ್ದಿದ್ದರೆ ಈಗ ಹದಿನಾಲ್ಕು. ಆರು ವರ್ಷಕ್ಕೇ ಹೋದಳು. ಎಂಟು ವರ್ಷದಿಂದ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದು ಅಂತ ಯಾರೂ ಹೇಳಿರಲಿಲ್ಲ, ಯಾರಿಗೂ ಧೈರ್ಯವಿರಲಿಲ್ಲ, ಅಷ್ಟೆ. ಫೋಟೋಗಳು ತ್ರಿವೇಣಿಯ ಬೀರುವಿನೊಳಗೆ, ಸೀರೆಗಳ ಅಡಿಯಲ್ಲಿದ್ದವು.

ಆ ಹುಡುಗಿಯನ್ನು ಎತ್ತಿ ಆಡಿಸಿದವಳು ವೆಂಕಟಮ್ಮ. ಅವಳ ಮೊದಲ ಹುಟ್ಟುಹಬ್ಬಕ್ಕೆ ಮಂಡ್ಯದ ಪೇಟೆಯಲ್ಲಿ ಪಾತ್ರೆ ಅಂಗಡಿಗೆ ಹೋಗಿ ಒಂದು ಪುಟ್ಟ ಸ್ಟೀಲ್ ಲೋಟ ಕೊಂಡಿದ್ದಳು. ಅಂಗಡಿಯವನು ಆ ಗುಂಯ್‌ಗುಡುವ ಮಿಷನ್ನು ಹಿಡಿದು ಲೋಟದ ಹೊಟ್ಟೆಯ ಮೇಲೆ ಕನ್ನಡದಲ್ಲಿ 'ಅಕ್ಷಯಾ' ಅಂತ ಚುಕ್ಕೆಚುಕ್ಕೆಯಾಗಿ ಕೊರೆದುಕೊಟ್ಟಿದ್ದ. ಹುಡುಗಿಗೆ ಹಾಲಿಗೂ ಅದೇ, ನೀರಿಗೂ ಅದೇ. ಬರಿದಾದರೆ ಅಡುಗೆಮನೆಯ ಕಲ್ಲುಕಟ್ಟೆಗೆ ಟಣ್ ಟಣ್ ಟಣ್ ಅಂತ ಕುಟ್ಟುವಳು. "ಬಂದೆ ಕಣವ್ವ, ಬಂದೆ" ಅಂತ ವೆಂಕಟಮ್ಮ ಓಡಿಬರುವಳು. ಮಕ್ಕಳ ಡೇಕೇರಿನಲ್ಲಿ ಇಂಗ್ಲಿಷು ಕಲಿತರೂ ಅಜ್ಜಿಯ ಹತ್ತಿರ ಮಾತ್ರ ಅಕ್ಷಯಾ ಅಜ್ಜಿಯ ಕನ್ನಡವನ್ನೇ ಆಡುತ್ತಿದ್ದಳು.

ಆಗಿನ ವೆಂಕಟಮ್ಮ ಬೇರೆಯೇ. ಒಂಬತ್ತು ಮಕ್ಕಳ ಮನೆಯಲ್ಲಿ ಎರಡನೆಯವಳಾಗಿ ಬೆಳೆದವಳು. ಅಲ್ಲಿ ಯಾರ ಲಂಗ ಯಾರದು, ಯಾರ ತಟ್ಟೆ ಯಾರದು ಅನ್ನುವ ಪ್ರಶ್ನೆಯೇ ಇರಲಿಲ್ಲ. ಚಿಕ್ಕದು ಅತ್ತರೆ ದೊಡ್ಡದು ಕೊಡಬೇಕು, ಮುಗಿಯಿತು. ಬಂದ ನೆಂಟರ ಮಗು ಏನಾದರೂ ಹಿಡಿದುಕೊಂಡರೆ ಅದರ ಕೈಯಿಂದ ಕಿತ್ತುಕೊಳ್ಳುವುದು ಮನೆತನಕ್ಕೇ ಅವಮಾನ. ಈ ಊರಿಗೆ ಬಂದ ಮೇಲೂ ಅದನ್ನೇ ಮಾಡಿದಳು. ಅಕ್ಷಯಾಳ ಗೊಂಬೆ, ಪೆನ್ಸಿಲ್ಲು, ಬಣ್ಣದ ಡಬ್ಬಿ, ಬಂದವರ ಮಕ್ಕಳ ಪಾಲಾಯಿತು. ತ್ರಿವೇಣಿ ಒಂದೆರಡು ಸಲ ಹೇಳಿದ್ದೂ ಉಂಟು. "ಅತ್ತೆ, ಅವಳನ್ನ ಒಂದ್ ಮಾತು ಕೇಳಿ ಕೊಡಿ. ರಾತ್ರಿಯೆಲ್ಲ ಅಳ್ತಾಳೆ." ಸೊಸೆ ಹಾಗಂದಿದ್ದು ವೆಂಕಟಮ್ಮನಿಗೆ ನಾಟಿತ್ತು. ಒಂದು ವಾರ ಮುಖ ಊದಿಸಿಕೊಂಡಿದ್ದಳು.

ಆಮೇಲೆ ರಘೋತ್ತಮನ ಸಂಸಾರ ಊಟಕ್ಕೆ ಬಂತು. ನಾಗರಾಜುವಿನ ಆಫೀಸಿನವನು. ಮರುದಿನ ಬೆಳಿಗ್ಗೆ ಅವರು ಟೆಕ್ಸಾಸಿಗೆ ಮನೆ ಬದಲಾಯಿಸುವವರು, ಸಾಮಾನೆಲ್ಲ ಲಾರಿಗೆ ಹೋಗಿಯಾಗಿತ್ತು. ಹೊರಡುವ ಹೊತ್ತಿಗೆ ಅವರ ಒಂದೂವರೆ ವರ್ಷದ ಮಗು ಅಕ್ಷಯಾಳ ಲೋಟವನ್ನು ಎರಡೂ ಕೈಯಲ್ಲಿ ಅವುಚಿಕೊಂಡಿತ್ತು. ತಾಯಿ ಬಿಡಿಸಹೋದರೆ ಕಿಟಾರನೆ ಕಿರುಚಿತು. ತ್ರಿವೇಣಿ ಒಳಗೆ ಅವರಿಗೆ ದಾರಿಗೆ ಬುತ್ತಿ ಕಟ್ಟುತ್ತಿದ್ದಳು. ಅಕ್ಷಯಾ ಕೈ ಚಾಚಿ ನಿಂತಿದ್ದಳು.

"ಅಜ್ಜಿ, ನನ್ ಲೋಟ."

"ದೊಡ್ಡೋಳಲ್ವಾ ಮಗಾ ನೀನು. ಬುಡು. ಹೆಸರು ಹಾಕ್ಸಿರೋ ಲೋಟ, ಎಲ್ಲೋಯ್ತದೆ? ತಿರುಗಿ ಮನೆಗೆ ಬತ್ತದೆ."

ಅದನ್ನು ಅವಳು ಸುಮ್ಮನೆ ಹೇಳಲಿಲ್ಲ ಪಾಪ, ನಂಬಿಯೇ ಹೇಳಿದಳು. ಅವಳ ಊರಿನಲ್ಲಿ ಮದುವೆಗೆ, ತಿಥಿಗೆ ಮನೆಮನೆಯ ಪಾತ್ರೆ ಬೀದಿ ಸುತ್ತುತ್ತಿದ್ದವು. ಯಾರ ಹೆಸರು ಹಾಕಿದೆಯೋ ಆ ಮನೆಗೆ ತಿಂಗಳೊಳಗೆ ಬಂದು ಸೇರುತ್ತಿದ್ದವು. ಬರುವಾಗ ಒಳಗೊಂದು ಹಿಡಿ ಅಕ್ಕಿಯೋ ಬೆಲ್ಲವೋ ಹಾಕಿಕೊಂಡೇ ಬರುತ್ತಿದ್ದವು. ಟೆಕ್ಸಾಸು ಎಷ್ಟು ದೂರ ಅಂತ ಅವಳಿಗೇನು ಗೊತ್ತು! ಕಾರು ಹೊರಟಿತು. ಅಕ್ಷಯಾ ಅಳಲಿಲ್ಲ. "ನೀನು ನನ್ನ ಕೇಳ್ಲಿಲ್ಲ ಅಜ್ಜಿ" ಅಂದು ಒಳಗೆ ಹೋದಳು.

ಹಾಲು, ನೀರು ಕೊಡುವವಳು ಅಜ್ಜಿಯೇ ಆದ್ದರಿಂದ ಲೋಟ ಇಲ್ಲದ್ದು ತ್ರಿವೇಣಿಯ ಗಮನಕ್ಕೆ ಬರಲಿಲ್ಲ. ಹತ್ತೇ ದಿನಕ್ಕೆ ಹುಡುಗಿಗೆ ಜ್ವರ ಬಂತು. ಜ್ವರ ಮೆದುಳಿಗೆ ಏರಿತು ಅಂದರು ಡಾಕ್ಟರು. ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಮಧ್ಯಾಹ್ನ ಅಕ್ಷಯಾಗೆ ಸ್ವಲ್ಪ ಎಚ್ಚರವಾಯಿತು, ಬಾಯಾರಿಕೆ ಅಂದಳು. ನರ್ಸು ತಂದ ಕಪ್ಪನ್ನು ನೋಡಿ ತಲೆ ಆಡಿಸಿದಳು. "ನನ್ ಲೋಟ" ಅಂದಳು. ನಾಲ್ಕು ದಿನದಲ್ಲಿ ಮಗಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ತ್ರಿವೇಣಿ ಹುಚ್ಚಿಯ ಹಾಗೆ ಬ್ಯಾಗನ್ನೆಲ್ಲ ಹಾಸಿಗೆಯ ಮೇಲೆ ಸುರಿದಳು.

"ಅತ್ತೆ, ಲೋಟ ಎಲ್ಲಿ? ನೋಡಿದ್ರಾ?"

ಆಗ ವೆಂಕಟಮ್ಮ ಒಂದು ಮಾತು ಹೇಳಿದಳು. ಅದನ್ನು ಹೇಳಬೇಕು ಅಂತ ಅವಳು ಎಣಿಸಿರಲಿಲ್ಲ. ಸೊಸೆಯ ಬಾಯಲ್ಲಿ ಇನ್ನೊಮ್ಮೆ ಅನ್ನಿಸಿಕೊಳ್ಳುವ ಹೆದರಿಕೆ, ಅಷ್ಟೆ. "ನೀನೇ ಬ್ಯಾಗಿಗೆ ಹಾಕ್ಕೊಂಡಂಗಿತ್ತಲ್ಲವ್ವ. ಕಾರಲ್ಲಿ ಬಿದ್ದೋಗಿರ್ಬೇಕು, ನೋಡು."

ತ್ರಿವೇಣಿ ಪಾರ್ಕಿಂಗಿಗೆ ಓಡಿದಳು. ನಾಗರಾಜು ಔಷಧಿಯ ವಿಷಯ ಮಾತಾಡಲು ಡಾಕ್ಟರ ಹತ್ತಿರ ಹೋಗಿದ್ದ. ಕೋಣೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಆಗ ಅಕ್ಷಯಾ ಕಣ್ಣು ಬಿಟ್ಟು ಅಜ್ಜಿಯನ್ನು ನೋಡಿ, ಅಮ್ಮನಿಗೆ ಹೇಳು ಅಂತ ಎರಡು ಮಾತು ಹೇಳಿದಳು. ಹೇಳಿ ಕಣ್ಣು ಮುಚ್ಚಿದಳು. ಆಮೇಲೆ ಮಿಷನ್ನುಗಳು ಕೂಗಿಕೊಂಡವು, ಜನ ಓಡಿಬಂದರು, ಹಾಸಿಗೆಯ ಸುತ್ತ ನೀಲಿ ಬಟ್ಟೆಯವರು ತುಂಬಿದರು. ನಲವತ್ತು ನಿಮಿಷ ಕಾರಿನ ಸೀಟುಗಳ ಅಡಿ ತಡಕಿ ಬರಿಗೈಯಲ್ಲಿ ಮೇಲೆ ಬಂದ ತ್ರಿವೇಣಿಯನ್ನು ಮಗಳು ನೋಡಲಿಲ್ಲ. ಮತ್ತೆ ಮಾತೂ ಆಡಲಿಲ್ಲ. ಎರಡು ದಿನಕ್ಕೆ ಎಲ್ಲ ಮುಗಿಯಿತು.

ಆ ಎರಡು ಮಾತು ವೆಂಕಟಮ್ಮನ ಹತ್ತಿರ ಉಳಿದುಬಿಟ್ಟವು.

ಮೊದಲು, ಹೆಣ ಮನೆಯಲ್ಲಿರುವಾಗ ಹೇಗೆ ಹೇಳಲಿ ಅಂದುಕೊಂಡಳು. ಹನ್ನೊಂದನೆಯ ದಿನ ಕಳೆಯಲಿ ಅಂದುಕೊಂಡಳು. ವರ್ಷ ತುಂಬಲಿ ಅಂದುಕೊಂಡಳು. ಮಗುವಿನ ಮಾತು ಹೇಳಬೇಕಾದರೆ ಲೋಟದ ಕಥೆ ಹೇಳಬೇಕು. ಲೋಟದ ಕಥೆ ಹೇಳಿದರೆ ತಾನು ಆಡಿದ ಸುಳ್ಳು ಹೇಳಬೇಕು. ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಅತ್ತ ತ್ರಿವೇಣಿ ಲೋಟವನ್ನು ತಾನೇ ಕಳೆದೆ ಅಂತ ನಂಬಿಬಿಟ್ಟಳು. ಆಸ್ಪತ್ರೆಗೆ ಫೋನ್ ಮಾಡಿ ಮಾಡಿ ಕೇಳಿದಳು. ಆ ಕಾರನ್ನು ಮಾರುವ ದಿನ ಸೀಟುಗಳನ್ನು ಬಿಚ್ಚಿಸಿ ನೋಡಿದಳು. ಇಂದಿಗೂ ತನ್ನ ಮಕ್ಕಳು ಏನಾದರೂ ಕಳೆದುಕೊಂಡು ಬಂದರೆ ಗದರುವುದಿಲ್ಲ. "ಕಳೆಯೋದೇನು, ಯಾರ್ ಬೇಕಾದ್ರೂ ಕಳೀತಾರೆ" ಅಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಆ ಬಾಗಿಲಿನ ಸದ್ದು ಕೇಳಿದಾಗಲೆಲ್ಲ ವೆಂಕಟಮ್ಮನ ಜೀವ ಹಿಡಿಯಷ್ಟಾಗುತ್ತಿತ್ತು.

ಅದರ ಜೊತೆಗೆ ಇನ್ನೊಂದು ಸದ್ದು. ಮಧ್ಯಾಹ್ನ ಮಕ್ಕಳೆಲ್ಲ ಸ್ಕೂಲಿಗೆ, ಡೇಕೇರಿಗೆ, ದೊಡ್ಡವರು ಆಫೀಸಿಗೆ ಹೋಗಿ ಮನೆ ಖಾಲಿಯಾದಾಗ ಅಡುಗೆಮನೆಯಿಂದ ಟಣ್ ಟಣ್ ಟಣ್ ಅಂತ ಕೇಳುತ್ತಿತ್ತು. ಮೊದಮೊದಲು "ಬಂದೆ ಕಣವ್ವ" ಅಂತ ಎದ್ದು ಹೋಗಿಯೂ ಬಿಟ್ಟಿದ್ದಳು. ಹೋಗಿ ನೋಡಿದರೆ ಕಲ್ಲುಕಟ್ಟೆ ಬರಿದು. ಮನೆಯ ಸ್ಟೀಲ್ ಲೋಟಗಳನ್ನೆಲ್ಲ ಡಬ್ಬಕ್ಕೆ ತುಂಬಿ ಯಾರಿಗೋ ಕೊಟ್ಟು ಪ್ಲಾಸ್ಟಿಕ್ ಕಪ್ಪು ತರಿಸಿದಳು. ಮಕ್ಕಳಿಗೆ ಹಗುರ ಇರಲಿ ಅಂತ ತರಿಸಿದರು ಅಂದುಕೊಂಡರು ಸೊಸೆಯರು. ಸದ್ದು ಆದರೂ ನಿಲ್ಲಲಿಲ್ಲ. ಐದು ಕಪ್ಪಿಗೆ ಹಾಲು ಬಗ್ಗಿಸುವಾಗ ಕೈ ಆರನೆಯದಕ್ಕೆ ಹೋಗುತ್ತಿತ್ತು. ಭಯವೇ ಅಂದರೆ ಭಯವಲ್ಲ. ಕೊಡಬೇಕಾದ್ದನ್ನು ಕೊಡು ಅಂತ ಬಂದು ಬಾಗಿಲಲ್ಲಿ ನಿಂತವರನ್ನು ನಾಳೆ ಬಾ, ನಾಳೆ ಬಾ ಅಂತ ಕಳಿಸುವವರಿಗೆ ಒಂದು ಸಂಕಟ ಇರುತ್ತದಲ್ಲ, ಅದು. ದಿನಕ್ಕೊಂದು ಸಲ ಆ ಎರಡು ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು, ಒಂದಕ್ಷರವೂ ಉದುರದ ಹಾಗೆ. ಇನ್ನೊಬ್ಬರ ಸಾಮಾನು ತನ್ನ ಹತ್ತಿರ ಇದೆ, ಕೆಡದಂತೆ ಇಟ್ಟುಕೊಳ್ಳಬೇಕಲ್ಲ.

ಇವೆಲ್ಲ ಆದ ಮೇಲೆಯೇ ಅವಳು ಗೂಡು ಹೊಡೆಸಿದ್ದು. ಕೇಳಿ ತಗೋ ಅಂತ ಮಕ್ಕಳ ಕಿವಿ ತೂತಾಗುವಂತೆ ಹೇಳತೊಡಗಿದ್ದು.

ಈ ವರ್ಷ ಜನವರಿಯಲ್ಲಿ ಮಳೆ ಹಿಡಿದುಕೊಂಡಿತು. ಒಂದು ಗುರುವಾರ ತ್ರಿವೇಣಿಯ ಚಿಕ್ಕ ಮಗಳು ಧಾತ್ರಿ ಸ್ಕೂಲಿನಿಂದ ಬೇಗ ಬಂದಿದ್ದಳು. ನಾಲ್ಕೂವರೆ ವರ್ಷ. ಅಕ್ಷಯಾ ಹೋದ ಮೇಲೆ ಹುಟ್ಟಿದವಳು. ಅಜ್ಜಿಯ ಕಾನೂನನ್ನು ಅಜ್ಜಿಗಿಂತ ಬಿಗಿಯಾಗಿ ಪಾಲಿಸುವ ಹುಡುಗಿ. ಗರಾಜಿನಲ್ಲಿ ವೆಂಕಟಮ್ಮ ಡ್ರೈಯರ್‌ನಿಂದ ಬಟ್ಟೆ ತೆಗೆದು ಮಡಿಸುತ್ತಿದ್ದರೆ ಧಾತ್ರಿ ಹಳೆಯ ಡಬ್ಬಗಳನ್ನು ಕೆದಕುತ್ತಿದ್ದಳು. ಕೆದಕಿ ಕೆದಕಿ ಹಳದಿ ಬಣ್ಣದ ಮಳೆಬೂಟುಗಳನ್ನು ಹೊರಗೆಳೆದಳು. ಅವಳ ಕಾಲಿಗೆ ಹೇಳಿ ಮಾಡಿಸಿದ ಹಾಗಿದ್ದವು. ಆದರೂ ಕಾಲು ತೂರಿಸಲಿಲ್ಲ. ಒಳಗಡೆ ಹೆಸರಿದೆಯೇ ಅಂತ ಬಗ್ಗಿ ನೋಡಿದಳು. ಡೇಕೇರಿಗಾಗಿ ತ್ರಿವೇಣಿ ಅಂಟಿಸಿದ್ದ ಚೀಟಿ ಹಾಗೇ ಇತ್ತು. ಧಾತ್ರಿ ಈಗಷ್ಟೇ ಓದಲು ಕಲಿತಿದ್ದಳು. ಒಂದೊಂದೇ ಅಕ್ಷರ ಕೂಡಿಸಿದಳು.

"ಅಜ್ಜಿ, ಹೂ ಈಸ್ ಅಕ್ಷಯಾ?"

ವೆಂಕಟಮ್ಮನ ಕೈಯಲ್ಲಿದ್ದ ಟವೆಲ್ಲು ಕೆಳಗೆ ಬಿತ್ತು. "ಯಾರೂ ಇಲ್ಲ ಮಗಾ. ನೀನಾಕ್ಕೊ. ನಿಂಗೇ ಸರಿಹೋಯ್ತವೆ."

ಧಾತ್ರಿ ಅಜ್ಜಿಯನ್ನು ದುರುಗುಟ್ಟಿ ನೋಡಿದಳು. ಪೊಲೀಸನೇ ಕದ್ದದ್ದನ್ನು ಕಂಡ ಹಾಗಿತ್ತು ಅವಳ ಮುಖ. "ಕೇಳ್ಬೇಕು! ಯೂ ಸೆಡ್, ಕೇಳ್ಬೇಕು!"

"ಹಳೇದು ಕಣವ್ವ ಅದು. ಕೇಳೋದೇನೂ ಬ್ಯಾಡ."

"ಬಟ್ ಇಟ್ಸ್ ಹರ್ಸ್!"

ಬೂಟುಗಳನ್ನು ಎದೆಗವುಚಿಕೊಂಡು ಧಾತ್ರಿ ಒಳಗೆ ನಡೆದಳು. ವೆಂಕಟಮ್ಮ ಬೆನ್ನ ಹಿಂದೆ ಓಡಿದಳು. ಹುಡುಗಿ ಮಹಡಿ ಹತ್ತಿ ಒಂದೊಂದೇ ಕೋಣೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕರೆದಳು. "ಅಕ್ಷಯಾ! ಅಕ್ಷಯಾ! ಕ್ಯಾನ್ ಐ ಹ್ಯಾವ್ ಯುವರ್ ಬೂಟ್ಸ್?" ಕರೆದು, ಕಲಿಸಿದ ಹಾಗೆ, ಉತ್ತರಕ್ಕಾಗಿ ಸುಮ್ಮನೆ ಕಾದಳು. ಎಂಟು ವರ್ಷದ ಮೇಲೆ ಆ ಮನೆಯ ಗೋಡೆಗಳಿಗೆ ಆ ಹೆಸರು ಬಡಿಯಿತು. ವೆಂಕಟಮ್ಮ ಮೆಟ್ಟಿಲ ಕಂಬಿ ಹಿಡಿದು ನಿಂತಳು. ದೇವರಾಣೆ ಹೇಳುತ್ತೇನೆ, ಆ ಒಂದೊಂದು ಬಾಗಿಲಲ್ಲೂ ಯಾರೋ ಓ ಅಂತಾರೆ ಅಂತಲೇ ಅವಳು ಕಿವಿಗೊಟ್ಟಿದ್ದಳು.

ಬಾಗಿಲು ತೆರೆದದ್ದು ಕೆಳಗೆ. ಫ್ರೀವೇಯಲ್ಲಿ ನೀರು ನಿಂತಿದೆ ಅಂತ ತ್ರಿವೇಣಿ ಸ್ಯಾನ್ ಹೊಸೆಯ ಆಫೀಸಿನಿಂದ ಬೇಗ ಹೊರಟು ಬಂದಿದ್ದಳು. ಲ್ಯಾಪ್‌ಟಾಪಿನ ಬ್ಯಾಗು ಹೆಗಲಲ್ಲೇ ಇತ್ತು. ಮಗಳು ಮಹಡಿಯ ಮೇಲೆ ಕರೆಯುತ್ತಿದ್ದ ಹೆಸರನ್ನು ಕೇಳಿ ಅಲ್ಲೇ ಮೆಟ್ಟಿಲ ಬುಡದಲ್ಲಿ ಕೂತಳು.

"ಧಾತ್ರಿ, ಬಾ ಇಲ್ಲಿ."

ಧಾತ್ರಿ ಇಳಿದು ಬಂದು ದೂರು ಹೇಳಿದಳು. ಅಜ್ಜಿ ಕೇಳದೆ ತಗೋ ಅಂತಾರೆ, ಅಕ್ಷಯಾ ಯಾರು ಅಂತ ಯಾರಿಗೂ ಗೊತ್ತಿಲ್ಲ, ಅವಳ ರೂಮು ಯಾವುದು.

"ಅಕ್ಷಯಾ ನಿನ್ ಅಕ್ಕ ಪುಟ್ಟ" ಅಂದಳು ತ್ರಿವೇಣಿ. "ನೀನ್ ಹುಟ್ಟೋಕ್ಕೆ ಮುಂಚೆ ಇದ್ಲು. ತುಂಬ ಹುಷಾರ್ ತಪ್ಪಿ ತೀರ್ಕೊಂಡ್ಲು."

"ಸೋ ಐ ಕಾಂಟ್ ಆಸ್ಕ್ ಹರ್?"

"ನನ್ನ ಕೇಳು. ನಾನು ಅವಳ ಅಮ್ಮ ತಾನೆ."

"ವಿಲ್ ಶೀ ಬೀ ಮ್ಯಾಡ್?"

"ಇಲ್ಲ ಕಂದ. ಬೂಟ್ಸಿಗೆಲ್ಲ ಅವಳು ಬೇಜಾರ್ ಮಾಡ್ಕೊಳ್ತಿರ್ಲಿಲ್ಲ. ಅವಳದೊಂದು ಲೋಟ ಇತ್ತು. ಅದು ಮಾತ್ರ ಬೇಕೇ ಬೇಕು ಅವಳಿಗೆ. ಅಮ್ಮ ಅದನ್ನ ಕಳೆದ್ಬಿಟ್ಟೆ."

ಲೋಟ ಅಂದದ್ದೇ ತಡ, ಮೆಟ್ಟಿಲ ನಡುವೆ ನಿಂತಿದ್ದ ವೆಂಕಟಮ್ಮ ಕುಂಬಳಕಾಯಿ ಕಳ್ಳನ ಹಾಗೆ ಸೆರಗು ಸರಿಮಾಡಿಕೊಂಡಳು. ಧಾತ್ರಿ ಗಂಭೀರವಾಗಿ ಕೇಳಿದಳು. "ಡಿಡ್ ಯು ಸೇ ಸಾರಿ ಟು ಹರ್?"

"ಹೇಳೋಕ್ಕೆ ಆಗ್ಲಿಲ್ಲ."

"ಈಗ ಹೇಳು. ಹೆಸರು ಹೇಳಿ ಹೇಳ್ಬೇಕು."

ತ್ರಿವೇಣಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಎದುರಿನ ಬರಿ ಗೋಡೆಯನ್ನು ನೋಡುತ್ತ, ಯಾರೋ ಅಲ್ಲಿ ನಿಂತಿದ್ದಾರೆ ಅನ್ನುವ ಹಾಗೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. "ಅಕ್ಷಯಾ... ಸಾರಿ ಕಣಮ್ಮ. ನಿನ್ ಲೋಟ ನಾನು..."

"ನಿಲ್ಸು!"

ವೆಂಕಟಮ್ಮನ ಕೂಗಿಗೆ ಧಾತ್ರಿ ಬೆಚ್ಚಿ ಅಮ್ಮನ ತೋಳಿಗೆ ಅಂಟಿಕೊಂಡಳು. ಮುದುಕಿ ಮೆಟ್ಟಿಲು ಇಳಿದು ಬಂದು ಸೊಸೆಯ ಮುಂದೆ ನೆಲದ ಮೇಲೇ ಕೂತಳು.

"ಅನ್ಬ್ಯಾಡ ಕಣವ್ವ ತ್ರಿವೇಣಿ. ನೀನು ಕಳೀಲಿಲ್ಲ. ನೀನದನ್ನ ಮುಟ್ಟೇ ಇಲ್ಲ. ನಾನು ಕೊಟ್ಬುಟ್ಟೆ. ಆ ರಘೋತ್ತಮನ ಮಗೀಗೆ. ಅದು ಅತ್ತಿತು, ಕೊಟ್ಬುಟ್ಟೆ. ಅಕ್ಷಯಾ ಕೈ ಚಾಚ್ಕೊಂಡ್ ನಿಂತಿದ್ಲು. ಆಸ್ಪತ್ರೇಲಿ ನೀನು ಕೇಳ್ದಾಗ ಬ್ಯಾಗಲ್ಲಿತ್ತು ಅಂದ್ನಲ್ಲ, ಅದು ಸುಳ್ಳು."

ಮೊದಲು ಬಾಯಿಬಿಟ್ಟವಳು ಧಾತ್ರಿ. "ಅಜ್ಜಿ, ನೀನು ಕೇಳ್ಲಿಲ್ವಾ ಅವಳ್ನ?"

"ಇಲ್ಲ ಮಗಾ. ಕೇಳ್ಲಿಲ್ಲ."

ತ್ರಿವೇಣಿ ಮಗಳ ತಲೆ ಸವರಿ, ಬೂಟು ಹಾಕಿಕೊಂಡು ಹಿತ್ತಲಿನ ಜಗಲಿಯಲ್ಲಿ ಆಡು ಹೋಗು ಅಂತ ಕಳಿಸಿದಳು. ಗಾಜಿನ ಬಾಗಿಲು ಎಳೆದು ಬಂದಳು. ಬಂದವಳು ಕೂರಲಿಲ್ಲ.

"ನಲವತ್ತು ನಿಮಿಷ ಅತ್ತೆ" ಅಂದಳು. "ನಾನು ಆ ಪಾರ್ಕಿಂಗಲ್ಲಿ ಮಂಡಿ ಊರ್ಕೊಂಡು ಸೀಟ್ ಕೆಳಗೆ ಕೈ ಹಾಕಿ ಹಾಕಿ ನೋಡ್ತಿದ್ದೆ. ಆ ನಲವತ್ತು ನಿಮಿಷ ನಾನು ಅವಳ ಹತ್ರ ಇರ್ಬೋದಿತ್ತು. ಗೊತ್ತಿತ್ತಲ್ವಾ ನಿಮಗೆ? ಅಲ್ಲಿ ಇಲ್ಲ ಅಂತ ಗೊತ್ತಿದ್ದೂ ಕಳ್ಸಿದ್ರಲ್ವಾ?"

"ಗೊತ್ತಿತ್ತು."

"ಎಂಟು ವರ್ಷ! ಬಾಯಿ ತುಂಬ ನನ್ನನ್ನ ಮಗಳೇ ಅಂತ ಕರೀತಿದ್ರಿ. ನಾನು ಅಳ್ತಿದ್ರೆ ಬೆನ್ನು ಸವರ್ತಿದ್ರಿ. ಹೆಂಗ್ ಮನಸ್ಸು ಬಂತು ನಿಮಗೆ?"

ವೆಂಕಟಮ್ಮ ತಲೆ ತಗ್ಗಿಸಿಕೊಂಡೇ ಅಂದಳು. "ಇನ್ನೊಂದೈತೆ. ನೀನು ಕೆಳಗೋದಾಗ ಅವಳು ಕಣ್ಬುಟ್ಲು. ನಿಂಗೊಂದು ಮಾತು ಹೇಳ್ಕಳ್ಸಿದ್ಲು. ನಾನು ಕೊಡ್ಲಿಲ್ಲ."

ತ್ರಿವೇಣಿಯ ಮುಖದಲ್ಲಿದ್ದ ಸಿಟ್ಟೆಲ್ಲ ಒಮ್ಮೆಗೇ ಎಲ್ಲಿಗೆ ಹೋಯಿತೋ. ಬಾಯಿ ತೆರೆದುಕೊಂಡಿತು. ನೆಲಕ್ಕೆ ಕೂತು ಅತ್ತೆಯ ಎರಡೂ ಮಣಿಕಟ್ಟುಗಳನ್ನು ಹಿಡಿದುಕೊಂಡಳು, ನೋಯುವಷ್ಟು ಬಿಗಿಯಾಗಿ.

"ಏನಂದ್ಲು?"

"ಅದು..."

"ಅವಳು ಹೆಂಗಂದ್ಲೋ ಹಂಗೇ ಹೇಳಿ. ಒಂದಕ್ಷರ ಆ ಕಡೆ ಈ ಕಡೆ ಮಾಡ್ಬೇಡಿ."

ವೆಂಕಟಮ್ಮ ಕಣ್ಣು ಮುಚ್ಚಿದಳು. "'ಅಜ್ಜಿ, ಅಮ್ಮಂಗೆ ಹುಡುಕ್ಬ್ಯಾಡ ಅನ್ನು. ಲೋಟ ನಾನೇ ಪಾಪೂಗೆ ಕೊಟ್ಟೆ ಅನ್ನು.'"

ಹೊರಗೆ ಧಾತ್ರಿ ನೀರಿನ ಗುಂಡಿಯಲ್ಲಿ ಜಿಗಿಯುತ್ತಿದ್ದಳು. ತ್ರಿವೇಣಿಗೆ ಅದೇನೂ ಕೇಳಿಸಲಿಲ್ಲ. ಆರು ವರ್ಷದ ಮಗು, ಮೈಯೆಲ್ಲ ಸುಡುತ್ತಿರುವಾಗ, ಅಜ್ಜಿಯ ಸುಳ್ಳನ್ನು ಕೇಳಿಸಿಕೊಂಡು, ಅಜ್ಜಿಗೆ ಬೈಗುಳ ಬೀಳದಿರಲಿ ಅಂತ ತನ್ನಿಂದ ಕಿತ್ತುಕೊಂಡದ್ದನ್ನು ತಾನೇ ಕೊಟ್ಟದ್ದು ಅಂತ ಮಾಡಿತ್ತು. ಇಷ್ಟು ಸಾಕಿತ್ತು. ಇದೊಂದನ್ನು ಅವತ್ತೇ ಹೇಳಿದ್ದರೆ ಯಾರ ಮೇಲೂ ಯಾರಿಗೂ ಸಿಟ್ಟಿರುತ್ತಿರಲಿಲ್ಲ. ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಇನ್ನೊಂದ್ ಸಲ" ಅಂದಳು ತ್ರಿವೇಣಿ.

ವೆಂಕಟಮ್ಮ ಹೇಳಿದಳು.

"ಅಮ್ಮಂಗೆ ಅಂದ್ಲಾ, ಅಮ್ಮನಿಗೆ ಅಂದ್ಲಾ?"

"ಅಮ್ಮಂಗೆ."

"ಇನ್ನೊಂದ್ ಸಲ ಹೇಳಿ. ನಿಧಾನ."

ಹೀಗೆ ಐದಾರು ಸಲ ಹೇಳಿಸಿದಳು. ಎಂಟು ವರ್ಷದ ಮೇಲೆ ಮಗಳ ಒಂದು ಹೊಸ ಮಾತು ಸಿಕ್ಕಿತ್ತು ಅವಳಿಗೆ. ಕೇಳುತ್ತ ತುಟಿ ಅಲುಗಿಸುತ್ತಿದ್ದಳು, ಕಣ್ಣಿನಿಂದ ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಕೊನೆಗೆ ತಾನೇ ಒಂದು ಸಲ, ತಪ್ಪಿಲ್ಲದೆ, ಪಿಸುದನಿಯಲ್ಲಿ ಹೇಳಿದಳು. ಸರಿಯಿದೆಯೇ ಅಂತ ಅತ್ತೆಯ ಮುಖ ನೋಡಿದಳು. ವೆಂಕಟಮ್ಮ ತಲೆಯಾಡಿಸಿದಳು.

ಆಗ ತ್ರಿವೇಣಿ ಅವಳ ಕೈ ಬಿಟ್ಟಳು.

"ಇದು ನಂದು" ಅಂದಳು.

"ನಿಂದೇ ಕಣವ್ವ."

"ಇನ್ ಮೇಲೆ ನೀವು ಇದನ್ನ ಹೇಳ್ಬೇಡಿ ಅತ್ತೆ. ಯಾರಿಗೂ ಹೇಳ್ಬೇಡಿ. ಮನಸ್ಸಲ್ಲೂ ಹೇಳ್ಕೋಬೇಡಿ. ಎಂಟು ವರ್ಷ ನಿಮ್ಮ ಹತ್ರ ಇತ್ತು, ಸಾಕು."

ದನಿ ಏರಿಸಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ವೆಂಕಟಮ್ಮ ತಡೆದುಕೊಳ್ಳುತ್ತಿದ್ದಳು, ಅದಕ್ಕೆ ತಯಾರಾಗಿಯೇ ಕೂತಿದ್ದಳು. ಇದಕ್ಕೆ ತಯಾರಿರಲಿಲ್ಲ. ಆ ಮಗುವಿನದು ಅಂತ ತನ್ನ ಹತ್ತಿರ ಉಳಿದಿದ್ದದ್ದು ಅದೊಂದೇ ಅಂತ ಅವಳಿಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. "ಆಯ್ತವ್ವ" ಅಂದಳು.

ತ್ರಿವೇಣಿ ಎದ್ದು ಮಹಡಿಗೆ ಹೋದಳು. ವೆಂಕಟಮ್ಮ ಮೆಟ್ಟಿಲ ಕಂಬಿ ಹಿಡಿದು ಹೇಗೋ ಎದ್ದು, ಅರ್ಧಕ್ಕೆ ಬಿಟ್ಟು ಬಂದಿದ್ದ ಬಟ್ಟೆ ಮಡಿಸಲು ಗರಾಜಿಗೆ ಬಂದಳು. ಮೇಲಿನ ಕೋಣೆಯಿಂದ ತ್ರಿವೇಣಿ ಫೋನಿನಲ್ಲಿ ಗಂಡನೊಂದಿಗೆ ಮಾತಾಡುವುದು ಕೇಳಿಸುತ್ತಿತ್ತು. "ರೀ, ಅಕ್ಷಯಾ ಏನಂದಿದ್ಲು ಗೊತ್ತಾ" ಅನ್ನುತ್ತಿದ್ದಳು. ಮುಂದಿನ ಮಾತು ಯಾವುದು ಅಂತ ವೆಂಕಟಮ್ಮನಿಗೆ ಗೊತ್ತಿತ್ತು. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಆ ಮಾತು ತನ್ನ ಕಿವಿಗೆ ಬೀಳುವ ಮೊದಲೇ ಗರಾಜಿಗೂ ಮನೆಗೂ ನಡುವಿನ ಬಾಗಿಲನ್ನು ಎಳೆದುಕೊಂಡಳು.